ನಾಯಿ ವಾಸನೆನ ಮುಚ್ಚಬೇಡಿ, ಎಲ್ಲಿಂದ ಬರ್ತಿದೆ ನೋಡಿ

ಹೋದ ವರ್ಷ ಆಗಸ್ಟಿನಲ್ಲಿ, ಶಿವಮೊಗ್ಗದಲ್ಲಿ ಬಿಡದೆ ಮಳೆ ಹೊಡೆಯುತ್ತಿದ್ದಾಗ, ದಾವಣಗೆರೆಯಿಂದ ನಮ್ಮ ದೊಡ್ಡಮ್ಮ ಬಂದರು. ಬಾಗಿಲಲ್ಲಿ ಕೊಡೆ ಮಡಚುತ್ತಲೇ "ಏನಿದು ವಾಸನೆ? ನಾಯಿನ ಒಳಗೇ ಮಲಗಿಸ್ತೀರಾ?" ಅಂದರು. ನನಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಅವರು ಉತ್ಪ್ರೇಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆದರೂ ಅವತ್ತೇ ಅಂಗಡಿಗೆ ಹೋಗಿ ರೂಮ್ ಫ್ರೆಶ್ನರ್ ತಂದೆ, ಎರಡು ತಿಂಗಳು ಸಿಂಪಡಿಸಿದೆ. ಆ ಎರಡು ತಿಂಗಳೂ ನಮ್ಮ ಕೆಂಚನ ಎಡಗಿವಿಯೊಳಗೆ ಸೋಂಕು ಬೆಳೆಯುತ್ತಿತ್ತು.

ಈ ಲೇಖನ ಬರೆಯಲು ಕಾರಣ ಅದೇ. ವಾಸನೆ ಅನ್ನೋದು ಸುದ್ದಿ. ನಾಯಿಗೆ ಮಾತು ಬರಲ್ಲ, ಆದರೆ ಅದರ ಮೈ ಏನೋ ಹೇಳುತ್ತಿರುತ್ತದೆ. ನಾವು ಅದರ ಮೇಲೆ ಮಲ್ಲಿಗೆ ಸೆಂಟು ಹೊಡೆದರೆ ಆ ಸುದ್ದಿ ಮುಚ್ಚಿಹೋಗುತ್ತದೆ.

ಮೊದಲು ನನಗೆ ಯಾಕೆ ಗೊತ್ತಾಗಲಿಲ್ಲ ಅನ್ನೋದು. ಒಂದೇ ವಾಸನೆ ಸತತವಾಗಿ ಬರುತ್ತಿದ್ದರೆ ಮೂಗು ಮತ್ತು ಮಿದುಳು ಎರಡೂ ಅದನ್ನು ಲೆಕ್ಕಕ್ಕೆ ತಗೊಳ್ಳೋದು ಬಿಟ್ಟುಬಿಡುತ್ತವೆ. ಹೊಸ ವಾಸನೆ ಬಂದರೆ ತಕ್ಷಣ ಗೊತ್ತಾಗಲಿ ಅಂತ ಹಳೆಯದನ್ನು ಬದಿಗೆ ಸರಿಸುತ್ತವೆ. ಮೀನು ಮಾರುಕಟ್ಟೆಯಲ್ಲಿ ದಿನವಿಡೀ ಕೂರುವವರಿಗೆ ಮೀನಿನ ವಾಸನೆ ಗೊತ್ತಾಗದ ಹಾಗೆ, ನಮ್ಮ ಮನೆಯ ವಾಸನೆ ನಮಗೆ ಗೊತ್ತಾಗಲ್ಲ. ಹಾಗಾಗಿ ನೆಂಟರು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಅವರ ಮೂಗು ಆ ಹೊತ್ತಿಗೆ ನಿಮ್ಮದಕ್ಕಿಂತ ಚುರುಕಾಗಿರುತ್ತದೆ.

ಇನ್ನು ಮಳೆಗಾಲದ ಒದ್ದೆ ನಾಯಿ ನಾತ. ಇದು ರೋಗ ಅಲ್ಲ. ನಾಯಿಯ ಚರ್ಮ ಮತ್ತು ಕೂದಲಿನ ಮೇಲೆ ಬ್ಯಾಕ್ಟೀರಿಯಾ, ಯೀಸ್ಟ್ ಯಾವಾಗಲೂ ಇರುತ್ತವೆ. ಅವು ಚರ್ಮದ ಜಿಡ್ಡನ್ನು ತಿಂದು ಸುಲಭವಾಗಿ ಗಾಳಿಗೆ ಸೇರುವಂಥ ರಾಸಾಯನಿಕಗಳನ್ನು ಬಿಡುತ್ತವೆ. ಒಣ ಕೂದಲಲ್ಲಿ ಆ ರಾಸಾಯನಿಕಗಳು ಹಾಗೇ ಅಂಟಿಕೊಂಡಿರುತ್ತವೆ. ನೀರು ಬಿದ್ದಾಗ ಸಡಿಲಾಗಿ, ನೀರು ಆರುವಾಗ ಆವಿಯ ಜೊತೆ ಮೇಲೇಳುತ್ತವೆ. ಮೊದಲ ಮಳೆಗೆ ಮಣ್ಣು ಘಮ್ಮೆನ್ನುವುದೂ ಸುಮಾರು ಇದೇ ತರಹದ ಕತೆ. ಮಣ್ಣಿನ ಬ್ಯಾಕ್ಟೀರಿಯಾ ಮಾಡಿಟ್ಟ ಜಿಯೋಸ್ಮಿನ್ ಅನ್ನೋ ವಸ್ತುವನ್ನು ಮಳೆಹನಿ ಗಾಳಿಗೆ ಎಬ್ಬಿಸುತ್ತದೆ. ಅದನ್ನು ಘಮ ಅಂತೀವಿ, ಇದನ್ನು ನಾತ ಅಂತೀವಿ.

ಅಂದಮೇಲೆ ಪರಿಹಾರ ಸೋಪಿಗಿಂತ ಟವೆಲ್ಲು. ಹೊರಗಿಂದ ಬಂದ ತಕ್ಷಣ ಚೆನ್ನಾಗಿ ಒರೆಸಿ. ಹೊಟ್ಟೆಯ ಕೆಳಗೆ, ಕಾಲ್ಬೆರಳುಗಳ ಸಂದಿ, ಬಾಲದ ಬುಡ, ಇಲ್ಲೆಲ್ಲ ನೀರು ನಿಂತಿರುತ್ತದೆ. ವಾಸನೆ ಬಂತು ಅಂತ ವಾರಕ್ಕೆ ಎರಡು ಸಲ ಸ್ನಾನ ಮಾಡಿಸುವವರಿದ್ದಾರೆ, ಅದೂ ನಾವು ಹಾಕಿಕೊಳ್ಳುವ ಶಾಂಪೂವಿನಲ್ಲಿ. ದಯವಿಟ್ಟು ಬೇಡ. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ನಾಯಿಯ ಚರ್ಮ 7ರ ಆಸುಪಾಸು, ಅಂದರೆ ಹೆಚ್ಚುಕಮ್ಮಿ ಆಮ್ಲವೂ ಅಲ್ಲ ಕ್ಷಾರವೂ ಅಲ್ಲ, ಮತ್ತೆ ನಮ್ಮದಕ್ಕಿಂತ ತೆಳು. ಪದೇ ಪದೇ ಜಿಡ್ಡು ತೆಗೆದರೆ ಚರ್ಮ ಒಣಗಿ, ತುರಿಕೆ ಹತ್ತಿ, ಕೆರೆದು ಗಾಯವಾಗಿ, ಕೊನೆಗೆ ಮೊದಲಿಗಿಂತ ಜಾಸ್ತಿ ವಾಸನೆ ಬರುತ್ತದೆ. ಆರೋಗ್ಯವಾಗಿರುವ ನಾಯಿಗೆ ತಿಂಗಳಿಗೊಂದು ಸ್ನಾನ ಸಾಮಾನ್ಯವಾಗಿ ಸಾಕು, ಅದರದೇ ಶಾಂಪೂವಿನಲ್ಲಿ. ದಿನಾ ಬಾಚಿದರೆ ಅರ್ಧ ಕೆಲಸ ಮುಗಿದ ಹಾಗೆ.

ಅದು ಮಲಗುವ ಬಟ್ಟೆಯನ್ನು ನಾವು ಮರೆತೇಬಿಡುತ್ತೇವೆ. ಹಳೇ ಸೀರೆ, ಗೋಣಿಚೀಲ, ಕಂಬಳಿ ಏನೇ ಇರಲಿ, ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲು ಕಂಡ ದಿನ ಹರವಿ. ಮಲೆನಾಡಿನ ಮಳೆಯಲ್ಲಿ ಬಿಸಿಲಿಗೆ ಎಲ್ಲಿ ಹೋಗೋದು ಅಂತ ಕೇಳಬಹುದು, ನಿಜ. ಎರಡು ಮೂರು ಜೊತೆ ಇಟ್ಟುಕೊಂಡು, ಬಚ್ಚಲೊಲೆ ಇರುವವರು ಅದರ ಹತ್ತಿರದ ಹಗ್ಗದ ಮೇಲೆ, ಇಲ್ಲದವರು ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ. ಅರೆಬರೆ ಒಣಗಿದ ಬಟ್ಟೆಯ ಮುಗ್ಗಲು ವಾಸನೆಯನ್ನೇ ಎಷ್ಟೋ ಮನೆಗಳಲ್ಲಿ ನಾಯಿಯ ವಾಸನೆ ಅಂದುಕೊಂಡಿರುತ್ತಾರೆ.

ಈಗ ಉಚ್ಚೆಯ ವಿಷಯ. ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಆರೋಗ್ಯವಂತ ನಾಯಿಯ ಹೊಸ ಉಚ್ಚೆ ಅಷ್ಟೇನೂ ನಾರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ನೆಲದ ಮೇಲಿನ ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡಿದಾಗ ಮೂಗಿಗೆ ಹೊಡೆಯುತ್ತದೆ. ಅಂದರೆ ನಮಗೆ ಕೆಲವು ಗಂಟೆ ಸಮಯ ಇರುತ್ತದೆ. "ಯೂರಿಕ್ ಆಮ್ಲದ ಹರಳು ಕೂತುಬಿಡುತ್ತದೆ, ನೀರಲ್ಲಿ ಹೋಗಲ್ಲ" ಅಂತ ಇಂಟರ್ನೆಟ್ಟಿನಲ್ಲಿ ಓದಿರುತ್ತೀರಿ. ನಾಯಿಗಳ ಮಟ್ಟಿಗೆ ಈ ಮಾತು ಅಷ್ಟು ಸರಿಯಲ್ಲ. ಯೂರಿಕ್ ಆಮ್ಲವನ್ನು ಒಡೆಯುವ ಕಿಣ್ವ ಮನುಷ್ಯರಿಗೆ ಇಲ್ಲ, ಅದಕ್ಕೇ ನಮಗೆ ಗೌಟ್ ಅನ್ನೋ ಕೀಲುನೋವು ಬರುತ್ತದೆ. ನಾಯಿಗಳಿಗೆ ಇದೆ. ಅವುಗಳ ಪಿತ್ತಜನಕಾಂಗ ಯೂರಿಕ್ ಆಮ್ಲದ ಬಹುಪಾಲನ್ನು ನೀರಲ್ಲಿ ಚೆನ್ನಾಗಿ ಕರಗುವ ಅಲಂಟೋಯಿನ್ ಆಗಿ ಬದಲಾಯಿಸುತ್ತದೆ. ಮೈತುಂಬ ಚುಕ್ಕೆಯ ಡಾಲ್ಮೇಷಿಯನ್ ತಳಿ ಇದಕ್ಕೆ ಹೆಸರಾದ ಅಪವಾದ, ಒಂದು ಜೀನ್ ದೋಷದಿಂದ ಅದರ ಉಚ್ಚೆಯಲ್ಲಿ ಯೂರಿಕ್ ಆಮ್ಲ ಜಾಸ್ತಿ, ಮೂತ್ರದಲ್ಲಿ ಕಲ್ಲೂ ಆಗುತ್ತದೆ. ಉಳಿದ ನಾಯಿಗಳದ್ದು ತಕ್ಷಣ ಹೀರಿಸಿ, ತಣ್ಣೀರು ಹಾಕಿ, ಮತ್ತೆ ಹೀರಿಸಿದರೆ ಬಹಳಷ್ಟು ಹೋಗುತ್ತದೆ. ಉಜ್ಜಬೇಡಿ, ಒತ್ತಿ.

ಒಣಗಿ ವಾಸನೆ ಎದ್ದಿದ್ದರೆ ನೀರು ಬೆರೆಸಿದ ವಿನೆಗರ್ ಅಮೋನಿಯಾವನ್ನು ಹಿಡಿದುಹಾಕುತ್ತದೆ, ಅದು ಕ್ಷಾರ, ಇದು ಆಮ್ಲ. ಆದರೆ ಕಡಪ ಕಲ್ಲು, ಮಾರ್ಬಲ್, ರೆಡ್ ಆಕ್ಸೈಡ್ ನೆಲಕ್ಕೆ ವಿನೆಗರ್ ಬೇಡ, ಆಮ್ಲ ಅವನ್ನು ತಿನ್ನುತ್ತದೆ. ಅಲ್ಲಿ ಮತ್ತು ಹಾಸಿಗೆ, ಸೋಫಾಗಳಲ್ಲಿ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವದ ಕ್ಲೀನರ್ ಒಳ್ಳೆಯದು. ಹಾಕಿದ ಕೂಡಲೇ ಒರೆಸಿಬಿಟ್ಟರೆ ಉಪಯೋಗವಿಲ್ಲ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು.

ಬ್ಲೀಚಿಂಗ್ ಪೌಡರ್ ಮಾತ್ರ ಉಚ್ಚೆಯ ಮೇಲೆ ಹಾಕಲೇಬೇಡಿ. ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಅನ್ನೋ ವಿಷಗಾಳಿ ಆಗುತ್ತದೆ. ಬ್ಲೀಚಿಂಗ್ ಪೌಡರಿಗೆ ವಿನೆಗರ್ ಅಥವಾ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಇದು ಪ್ರಾಣಕ್ಕೇ ಬರಬಹುದು, ನಿಮಗೂ ನಾಯಿಗೂ.

ಇನ್ನು ಫಿನಾಯಿಲ್. ನಮ್ಮ ಕಡೆ ಶುಚಿ ಅಂದರೆ ಫಿನಾಯಿಲ್ ವಾಸನೆ ಅಲ್ವಾ? ಆದರೆ ನಾಯಿಯ ಮೂಗಲ್ಲಿ ವಾಸನೆ ಹಿಡಿಯುವ ಕೋಶಗಳು ನಮಗಿಂತ ಹತ್ತಾರು ಪಟ್ಟು ಜಾಸ್ತಿ. ಅದು ನೆಲಕ್ಕೆ ಮೂಗು ಹಚ್ಚಿಕೊಂಡೇ ಬದುಕುತ್ತದೆ, ಅದೇ ನೆಲದಲ್ಲಿ ಓಡಾಡಿದ ಪಾದವನ್ನು ನೆಕ್ಕಿಕೊಳ್ಳುತ್ತದೆ. ಕಪ್ಪು ಫಿನಾಯಿಲಿನಲ್ಲಿರುವ ಫೀನಾಲ್ ಜಾತಿಯ ವಸ್ತುಗಳು ಹೊಟ್ಟೆಗೆ ಹೋದರೆ ವಿಷ. ನುಸಿಗುಳಿಗೆಯೂ ವಿಷ, ಟೀ ಟ್ರೀ ಎಣ್ಣೆಯೂ ವಿಷ. ಊದುಬತ್ತಿ ದೇವರ ಮುಂದೆ ಹಚ್ಚಿ, ಬೇಡ ಅನ್ನಲ್ಲ, ಆದರೆ ಕಿಟಕಿ ಹಾಕಿಕೊಂಡು ನಾಯಿ ವಾಸನೆ ಮುಚ್ಚೋಕೆ ನಾಲ್ಕು ನಾಲ್ಕು ಹಚ್ಚಿದರೆ ಹೊಗೆಯ ಸಣ್ಣ ಕಣಗಳು ಮನೆಯವರೆಲ್ಲರ ಶ್ವಾಸಕೋಶಕ್ಕೆ ಹೋಗುತ್ತವೆ. ಎದುರು ಬದುರು ಎರಡು ಕಿಟಕಿ ತೆಗೆಯಿರಿ. ಅದಕ್ಕಿಂತ ಒಳ್ಳೆಯ ಫ್ರೆಶ್ನರ್ ನನಗೆ ಸಿಕ್ಕಿಲ್ಲ.

ಕೆಂಚನ ಕಿವಿಗೆ ಬರುತ್ತೇನೆ. ನಾಯಿಯ ಕಿವಿನಾಳ ನೇರ ಇಲ್ಲ. ಮೊದಲು ಕೆಳಗಿಳಿದು ಆಮೇಲೆ ಒಳಗೆ ತಿರುಗುತ್ತದೆ, ಇಂಗ್ಲಿಷಿನ ಎಲ್ ಅಕ್ಷರದ ಹಾಗೆ. ಒಳಗೆ ಹೋದ ತೇವ ಸುಲಭಕ್ಕೆ ಆರುವುದಿಲ್ಲ. ಮಲಸೀಜಿಯಾ ಅನ್ನೋ ಯೀಸ್ಟ್ ಅಲ್ಲಿ ಸ್ವಲ್ಪ ಇದ್ದೇ ಇರುತ್ತದೆ, ತೇವ ಸಿಕ್ಕರೆ ಮಿತಿಮೀರಿ ಬೆಳೆಯುತ್ತದೆ. ಕೆಂಚ ತಲೆ ಒದರುತ್ತಿದ್ದ, ಕಿವಿಯನ್ನು ಗೋಡೆಗೆ ಉಜ್ಜುತ್ತಿದ್ದ. ಸುಮ್ನೆ ಆಡ್ತಿದಾನೆ ಅಂದುಕೊಂಡೆವು. ಕೊನೆಗೊಂದು ದಿನ ತೊಡೆ ಮೇಲೆ ತಲೆ ಇಟ್ಟು ಮಲಗಿದ್ದಾಗ, ಜಾಸ್ತಿ ಹುಳಿಬಂದ ದೋಸೆಹಿಟ್ಟಿನಂಥ ಕಮಟು ಬಂತು. ಕಿವಿ ಮಡಚಿ ನೋಡಿದರೆ ಒಳಗೆಲ್ಲ ಕಂದು ಕೊಳೆ, ಕೆಂಪು. ಪಶುವೈದ್ಯರು ಸ್ವಚ್ಛ ಮಾಡಿ ಔಷಧಿ ಕೊಟ್ಟರು, ಮೂರು ವಾರ ಹಿಡಿಯಿತು. ಆ ಎರಡು ತಿಂಗಳು ಅವನು ಪಟ್ಟ ನೋವು ನೆನೆದರೆ ಈಗಲೂ ಸಂಕಟ ಆಗುತ್ತದೆ. ಇಂಥ ಕಿವಿಗೆ ಮನೆಯಲ್ಲಿ ಕೊಬ್ಬರಿ ಎಣ್ಣೆ ಬಿಡಬೇಡಿ, ಜಿಡ್ಡು ಆ ಯೀಸ್ಟಿಗೇ ಊಟ. ಹತ್ತಿಕಡ್ಡಿ ತೂರಿಸಬೇಡಿ, ಕೊಳೆ ಇನ್ನೂ ಒಳಗೆ ಹೋಗುತ್ತದೆ.

ಹಾಗೇ ಬೇರೆ ವಾಸನೆಗಳೂ. ಬಾಯಿ ನಾತ ಅಂದರೆ ಬಹುತೇಕ ಹಲ್ಲಿನ ಪಾಚಿ ಮತ್ತು ವಸಡಿನ ರೋಗ. ಬಾಯಲ್ಲಿ ಅಮೋನಿಯಾ ವಾಸನೆ ಬಂದರೆ ಮೂತ್ರಪಿಂಡ, ಹಣ್ಣಿನಂಥ ಸಿಹಿ ವಾಸನೆ ಬಂದರೆ ಸಕ್ಕರೆ ಕಾಯಿಲೆ ಇರಬಹುದು. ಮನೆಯೊಳಗೆ ಎಂದೂ ಉಚ್ಚೆ ಹೊಯ್ಯದ ನಾಯಿ ಇದ್ದಕ್ಕಿದ್ದಂತೆ ಹೊಯ್ದರೆ ಹೊಡೆಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪಾದದಿಂದ ಹುರಿದ ಜೋಳದ ವಾಸನೆ ಬರುತ್ತಾ? ಅದು ಅಲ್ಲಿನ ಬ್ಯಾಕ್ಟೀರಿಯಾದ್ದು, ನಾಯಿ ಪಾದ ನೆಕ್ಕುತ್ತಾ ಕೂರದಿದ್ದರೆ ಹೆದರಬೇಕಿಲ್ಲ.

ಮನೆ ಘಮಘಮ ಇಟ್ಟುಕೊಂಡು ನಾಯಿಯನ್ನು ಪಕ್ಕದವರ ಗೇಟಿನ ಮುಂದೆ ಕಕ್ಕ ಮಾಡಿಸಿ ಬರುವುದನ್ನು ದಿನಾ ನೋಡುತ್ತೇನೆ. ಇದು ಬರೀ ಗಲೀಜಿನ ಪ್ರಶ್ನೆ ಅಲ್ಲ. ನಾಯಿಯ ಮಲದಲ್ಲಿ ದುಂಡುಹುಳದ ಮೊಟ್ಟೆಗಳಿರಬಹುದು. ಅವು ಬಿದ್ದ ತಕ್ಷಣ ಸೋಂಕು ತರುವುದಿಲ್ಲ, ಮಣ್ಣಲ್ಲಿ ಎರಡರಿಂದ ನಾಲ್ಕು ವಾರ ಬಲಿಯಬೇಕು. ಆಮೇಲೆ ತಿಂಗಳುಗಟ್ಟಲೆ ಅಲ್ಲೇ ಇದ್ದು, ಮಣ್ಣಾಟ ಆಡುವ ಮಕ್ಕಳ ಬಾಯಿಗೆ ಹೋಗುತ್ತವೆ. ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೋಗುತ್ತದೆ. ಆಗಿಂದಾಗಲೇ ಹಳೇ ಪೇಪರಿನಲ್ಲಿ ಎತ್ತಿಬಿಟ್ಟರೆ ಈ ಅಪಾಯದ ಬೇರೇ ಕಿತ್ತ ಹಾಗೆ. ಜೊತೆಗೆ ಡಾಕ್ಟರ್ ಹೇಳಿದ ಹಾಗೆ ಜಂತುಹುಳದ ಔಷಧಿ, ವರ್ಷ ವರ್ಷ ರೇಬಿಸ್ ಲಸಿಕೆ. ನಮ್ಮ ಮಲೆನಾಡು, ಕರಾವಳಿಯವರು ಇಲಿಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಿ. ಆ ರೋಗ ಬಂದ ನಾಯಿಯ ಉಚ್ಚೆಯಿಂದ ಮನೆಯವರಿಗೂ ಹರಡಬಹುದು.

ವಾಸನೆ ಅಂತ ನಾಯಿಯನ್ನು ಟೆರೇಸಿನಲ್ಲಿ ಕಟ್ಟಿಹಾಕಿದವರನ್ನು ನೋಡಿದ್ದೇನೆ, ಊರಾಚೆ ಬಿಟ್ಟುಬಂದವರನ್ನೂ. ನನಗೆ ತಡೆಯಲಾಗದ ವಿಷಯ ಅದು. ಹೀಗೆ ಬೀದಿಗೆ ಬಿದ್ದ ಎಷ್ಟೋ ನಾಯಿಗಳಿಗೆ ಒಂದು ಟವೆಲ್ಲು, ಒಂದು ಸಲದ ಡಾಕ್ಟರ್ ಭೇಟಿ ಸಾಕಾಗುತ್ತಿತ್ತು.

ಈಗ ನಾನು ಸಂತೆಯಿಂದ ಬಂದಾಗ ಬಾಗಿಲು ತೆಗೆದು ಒಂದು ಕ್ಷಣ ಹೊಸಿಲಲ್ಲೇ ನಿಂತು ಉಸಿರು ಎಳೆದುಕೊಳ್ಳುತ್ತೇನೆ. ಹೊರಗಿನ ಗಾಳಿಯಲ್ಲಿ ಮೂಗು ಹೊಸದಾಗಿರುತ್ತದೆ, ಮೊದಲ ಉಸಿರಲ್ಲಿ ಮನೆ ನಿಜವಾಗಿ ಹೇಗಿದೆ ಅಂತ ಗೊತ್ತಾಗುತ್ತದೆ. ಹೋದ ಭಾನುವಾರ ಕೊಳೆತ ಮೀನಿನ ವಾಸನೆ ಬಂತು. ನಮ್ಮ ಮನೆಯಲ್ಲಿ ಮೀನು ಮಾಡಲ್ಲ. ಫ್ರೆಶ್ನರ್ ಹುಡುಕಲಿಲ್ಲ, ಕೆಂಚನನ್ನು ನೋಡಿದೆ. ಕುಂಡೆಯನ್ನು ನೆಲಕ್ಕೆ ಉಜ್ಜಿಕೊಂಡು ಜಾರುತ್ತಿದ್ದ. ಗುದದ್ವಾರದ ಎರಡೂ ಬದಿ ಒಳಗೆ ಒಂದೊಂದು ಚೀಲ ಇರುತ್ತದೆ, ಅದು ತುಂಬಿಕೊಂಡು ಖಾಲಿಯಾಗದಿದ್ದರೆ ಹೀಗಾಗುತ್ತದೆ. ಸೋಮವಾರ ಬೆಳಿಗ್ಗೆ ಡಾಕ್ಟರು ಗ್ಲೌಸ್ ಹಾಕಿಕೊಂಡು ಐದು ನಿಮಿಷದಲ್ಲಿ ಒತ್ತಿ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಅವನು ಒಗೆದ ಗೋಣಿಚೀಲದ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿದ್ದ.