ಸುಳ್ಳು ಸುದ್ದಿ: ನೋಡಿದವರೆಷ್ಟು, ನಂಬಿದವರೆಷ್ಟು?

ಆನ್‌ಲೈನ್ ಸುಳ್ಳು ಸುದ್ದಿಯಿಂದ ಅನಾಹುತ ಅಂತ ಒಂದು ಅಧ್ಯಯನ ಹೇಳಿದರೆ, ಅಷ್ಟೇನಿಲ್ಲ ಬಿಡಿ ಅನ್ನುತ್ತದೆ ಇನ್ನೊಂದು. ಎರಡೂ ಅಳೆದದ್ದು ಬೇರೆ ಬೇರೆ ವಿಷಯ ಎಂಬುದು ತಲೆಬರಹದಲ್ಲಿ ಕಾಣುವುದಿಲ್ಲ.

ಈ ಜಗಳ ಹಳೆಯದು. 1940ರಲ್ಲಿ ಅಮೆರಿಕದ ಓಹಾಯೋದಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ತಂಡ ಮತದಾರರನ್ನು ತಿಂಗಳುಗಟ್ಟಲೆ ಮಾತಾಡಿಸಿತು. ಪ್ರಚಾರ ಕೇಳಿ ಮನಸ್ಸು ಬದಲಿಸಿದವರು ಸಿಕ್ಕಿದ್ದು ಕಡಿಮೆ. ಆಮೇಲೆ ಟಿವಿ ಬಂತು, ಇಂಟರ್ನೆಟ್ ಬಂತು, ಜೊತೆಗೆ ಇವು ಜನರ ಮನಸ್ಸು ತಿರುಗಿಸಿಬಿಡುತ್ತವೆ ಎಂಬ ಹಳೆ ಭಯವೂ ಬಂತು.

2016ರ ಅಮೆರಿಕ ಚುನಾವಣೆಯಲ್ಲಿ ಸಂಶೋಧಕರಿಗೆ ಹೊಸದೊಂದು ದಾರಿ ಸಿಕ್ಕಿತು. 'ಏನು ಓದಿದಿರಿ?' ಅಂತ ಕೇಳಿದರೆ ಯಾರಿಗೆ ನೆನಪಿರುತ್ತದೆ? ಹಾಗಾಗಿ ಒಪ್ಪಿದವರ ಬ್ರೌಸರ್ ದಾಖಲೆಯನ್ನೇ ತೆಗೆದುಕೊಂಡರು. ಯಾವ ಪುಟ, ಎಷ್ಟು ಹೊತ್ತು, ಅದಕ್ಕೆ ಸ್ವಲ್ಪ ಮುಂಚೆ ಎಲ್ಲಿದ್ದರು, ಎಲ್ಲವೂ ಅದರಲ್ಲಿತ್ತು. ನಂಬಲರ್ಹವಲ್ಲದ ತಾಣಗಳ ಪಟ್ಟಿ ಪಕ್ಕಕ್ಕಿಟ್ಟು ತಾಳೆ ನೋಡಿದರು. ವಯಸ್ಕರಲ್ಲಿ ಸುಮಾರು ಶೇ. 44 ಮಂದಿ ಒಮ್ಮೆಯಾದರೂ ಅಂಥ ತಾಣಕ್ಕೆ ಹೋಗಿದ್ದರು. ಆದರೆ ಓದಿದ ಸುದ್ದಿಯಲ್ಲಿ ಅದರ ಪಾಲು ಶೇ. 6 ಅಷ್ಟೇ. ಅದರಲ್ಲೂ ಬಹುಪಾಲು ಭೇಟಿ ಒಂದು ಸಣ್ಣ ಗುಂಪಿನದು. ಟ್ವಿಟರ್‌ನಲ್ಲಂತೂ ಶೇ. 1ರಷ್ಟು ಜನರ ಕಣ್ಣಿಗೇ ಸುಳ್ಳು ಸುದ್ದಿಯ ಶೇ. 80 ಬಿದ್ದಿತ್ತು. 2020ರ ಚುನಾವಣೆ ಹೊತ್ತಿಗೆ ಶೇ. 44 ಇದ್ದದ್ದು 26ಕ್ಕೆ ಇಳಿಯಿತು.

ಸಮಾಧಾನದ ಸುದ್ದಿ, ಅಲ್ವಾ? ನನಗೇನೋ ಅಷ್ಟು ಸಮಾಧಾನವಾಗಲಿಲ್ಲ. ಪುಟ ತೆರೆದವರು ನಂಬಿದರು ಅಂತಲ್ಲ. ನಗಲು ತೆರೆದವರೂ ಇರಬಹುದು. ಇನ್ನು ಪಟ್ಟಿಯಲ್ಲಿಲ್ಲದ ತಾಣದಲ್ಲಿ ದಾರಿ ತಪ್ಪಿಸುವ ಬರಹವಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಆ ತೂತು ಎಷ್ಟು ದೊಡ್ಡದು ಅಂತ ಗೊತ್ತಾದದ್ದು ಲಸಿಕೆಯ ಕಾಲದಲ್ಲಿ. 2021ರ ಮೊದಲ ಮೂರು ತಿಂಗಳು ಫೇಸ್‌ಬುಕ್‌ನಲ್ಲಿ ಓಡಾಡಿದ ಲಸಿಕೆ ಸುದ್ದಿಗಳ ಅಧ್ಯಯನವೊಂದು 2024ರಲ್ಲಿ ಬಂತು. ಲಸಿಕೆ ಪಡೆದ ಎರಡು ವಾರಕ್ಕೆ ಆರೋಗ್ಯವಂತ ವೈದ್ಯರೊಬ್ಬರು ತೀರಿಕೊಂಡರು, ತನಿಖೆ ನಡೆದಿದೆ ಎಂಬ ಸುದ್ದಿಯನ್ನು ಸುಮಾರು 5.5 ಕೋಟಿ ಸಲ ನೋಡಲಾಗಿತ್ತು. ಬಂದದ್ದು ಹೆಸರುವಾಸಿ ಪತ್ರಿಕೆಯಲ್ಲಿ. ಅದರಲ್ಲಿ ಒಂದು ಸಾಲೂ ಸುಳ್ಳಲ್ಲ. ಆದರೆ ತಲೆಬರಹ ಓದಿ ಮುಂದೆ ಹೋದವರಿಗೆ ಉಳಿಯುವುದು ಭಯವೇ. ಸುಳ್ಳು ಎಂದು ಗುರುತಾದ ಪೋಸ್ಟ್‌ಗಳೆಲ್ಲ ಸೇರಿದರೂ ಅಷ್ಟು ಜನರನ್ನು ಮುಟ್ಟಿರಲಿಲ್ಲ. ಲಸಿಕೆ ಬೇಡ ಅನ್ನಿಸುವುದರಲ್ಲಿ ಇಂಥ ಗುರುತಾಗದ ಬರಹಗಳ ಪಾಲು ಸುಳ್ಳೆಂದು ಗುರುತಾದವಕ್ಕಿಂತ ಸುಮಾರು 50 ಪಟ್ಟು ಜಾಸ್ತಿ ಎಂಬುದು ಸಂಶೋಧಕರ ಅಂದಾಜು.

ಇಷ್ಟು ಗೊತ್ತಾಗುವ ಹೊತ್ತಿಗೆ ಡೇಟಾ ಸಿಗುವುದೇ ಕಷ್ಟವಾಗಿತ್ತು. 2023ರಲ್ಲಿ ಒಂದು ದೊಡ್ಡ ಜಾಲತಾಣ ಸಂಶೋಧಕರಿಗಿದ್ದ ಉಚಿತ ದಾರಿ ಮುಚ್ಚಿತು, 2024ರಲ್ಲಿ ಇನ್ನೊಂದು ಕಡೆ ಪೋಸ್ಟ್‌ಗಳ ಜಾಡು ಹಿಡಿಯುವ ಸಲಕರಣೆಯೇ ನಿಂತಿತು. ಈಗ ಹಲವು ತಂಡಗಳು ಬಳಕೆದಾರರನ್ನೇ ಕೇಳುತ್ತಿವೆ: ನಿಮ್ಮ ಖಾತೆಯ ಡೇಟಾ ಡೌನ್‌ಲೋಡ್ ಮಾಡಿ ನಮಗೆ ಕೊಡ್ತೀರಾ?