ಕಾಲರಾ ನೋಟ್ಸ್: ಮನೆಯಲ್ಲಿ ಏನು ಕುಡಿಸಬೇಕು, ಏನು ಕುದಿಸಬೇಕು

ಸಮುದಾಯ ಆರೋಗ್ಯದ ಪೇಪರಿಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಪುಸ್ತಕದಲ್ಲಿ ಕಾಲರಾ ಪಾಠ ರೋಗಾಣುವಿನ ಆಕಾರದಿಂದ ಶುರುವಾಗುತ್ತದೆ. ಅಲ್ಪವಿರಾಮದ ಹಾಗೆ ಬಾಗಿದೆ, ಹೆಸರು ವಿಬ್ರಿಯೊ ಕಾಲರೆ, ಇಷ್ಟು ಬರೆದರೆ ಎರಡು ಮಾರ್ಕ್ಸ್ ಗ್ಯಾರಂಟಿ. ಆದರೆ ನನಗೆ ಪಾಠ ತಲೆಗೆ ಹತ್ತಿದ್ದು ಬೇರೆ ಪ್ರಶ್ನೆಯಿಂದ. ಕುಡಿದದ್ದೆಲ್ಲ ಭೇದಿಯಾಗಿ ಹೋಗುತ್ತಿರುವಾಗ ಮತ್ತೆ ಕುಡಿಸಿ ಏನು ಉಪಯೋಗ? ನಮ್ಮಜ್ಜಿಯ ವಾದವೂ ಇದೇ: "ನೀರು ಕೊಡಬೇಡ್ವೇ, ಇನ್ನೂ ಜಾಸ್ತಿ ಹೋಗ್ತದೆ."

ಅಜ್ಜಿ ಕಂಡದ್ದು ಸುಳ್ಳಲ್ಲ, ತೆಗೆದ ತೀರ್ಮಾನ ಮಾತ್ರ ತಪ್ಪು. ಈ ರೋಗಾಣು ಸಣ್ಣ ಕರುಳಿನ ಗೋಡೆಯನ್ನು ಕೊರೆದು ಒಳಗೆ ಹೋಗುವುದಿಲ್ಲ. ಮೇಲೆ ಅಂಟಿಕೊಂಡು ಒಂದು ವಿಷ ಬಿಡುತ್ತದೆ. ಇದನ್ನು ಮೊಲದ ಕರುಳಿನಲ್ಲಿ ಮಾಡಿ ತೋರಿಸಿದವರು ಕಲ್ಕತ್ತಾದ ಶಂಭುನಾಥ್ ಡೇ, 1959ರಲ್ಲಿ. ಆ ವಿಷದಿಂದ ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿ ಅನ್ನುವ, ಸಂದೇಶ ಒಯ್ಯುವ ರಾಸಾಯನಿಕ ಏರುತ್ತದೆ, ಕ್ಲೋರೈಡ್ ಹೊರಗೆ ಸುರಿಯುತ್ತಲೇ ಇರುತ್ತದೆ, ಅದರ ಬೆನ್ನಿಗೆ ಸೋಡಿಯಂ, ಅದರ ಬೆನ್ನಿಗೆ ನೀರು. ವಾಷರ್ ಹೋದ ನಲ್ಲಿ, ಎಷ್ಟು ತಿರುಗಿಸಿದರೂ ನಿಲ್ಲದು. ಜೋರಾದಾಗ ದೊಡ್ಡವರಿಗೆ ಗಂಟೆಗೆ ಒಂದು ಲೀಟರ್‌ವರೆಗೂ ಹೋಗಬಹುದು. ಭೇದಿ ನೋಡಲು ಥೇಟ್ ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು.

ಆದರೆ ಅದೇ ಗೋಡೆಯಲ್ಲಿ ಇನ್ನೊಂದು ಬಾಗಿಲಿದೆ, ಎಸ್‌ಜಿಎಲ್‌ಟಿ1 ಅಂತ. ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಬಂದರೆ ಒಳಗೆ ಬಿಡುತ್ತದೆ, ಅವುಗಳ ಹಿಂದೆ ನೀರೂ ಬರುತ್ತದೆ. ಈ ಬಾಗಿಲನ್ನು ಕಾಲರಾ ವಿಷ ಮುಟ್ಟುವುದಿಲ್ಲ! ಉಪ್ಪು, ಗ್ಲೂಕೋಸ್ ಕಲಸಿ ಕುಡಿಸುವ ನೀರು, ಅಂದರೆ ಓಆರ್‌ಎಸ್‌ನ ಗುಟ್ಟೆಲ್ಲ ಇಲ್ಲೇ ಇದೆ. ಓಆರ್‌ಎಸ್ ಕೊಟ್ಟ ತಕ್ಷಣ ಭೇದಿ ನಿಲ್ಲುವುದಿಲ್ಲ, ಅದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಎರಡು ಲೋಟ ಕುಡಿಸಿ, ಕೆಲಸ ಮಾಡಲಿಲ್ಲ ಅಂತ ಕೈಬಿಡುತ್ತಾರೆ.

ಇದು ಬರೀ ಥಿಯರಿ ಅಲ್ಲ ಅನ್ನುವುದಕ್ಕೆ 1971ರ ಬನಗಾಂವ್ (ಪಶ್ಚಿಮ ಬಂಗಾಳದ ಗಡಿ ಊರು) ನೆನಪಿಟ್ಟುಕೊಳ್ಳಿ. ಬಾಂಗ್ಲಾದೇಶದ ಯುದ್ಧದ ಹೊತ್ತು, ಗಡಿ ದಾಟಿ ಬಂದವರ ಶಿಬಿರಗಳಲ್ಲಿ ಕಾಲರಾ. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು, ಡ್ರಿಪ್ ಬಾಟಲಿ ಮುಗಿಯುತ್ತಾ ಬಂದಿದ್ದವು. ಡಾ. ದಿಲೀಪ್ ಮಹಾಲನಬಿಸ್ ಮತ್ತು ಅವರ ತಂಡ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ತೂಗಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿದರು. ಅದನ್ನು ನಲ್ಲಿ ಇದ್ದ ಡ್ರಮ್‌ಗಳಲ್ಲಿ ಕಲಸಿಟ್ಟು, ರೋಗಿಯ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ಶಿಬಿರದಲ್ಲಿ ಸಾವಿನ ಪ್ರಮಾಣ ಶೇ 30ರಷ್ಟಿದ್ದದ್ದು ಅವರ ಕೈಯಲ್ಲಿ ಶೇ 3.6ಕ್ಕೆ ಇಳಿಯಿತು. ಕುಡಿಸಿದವರು ಅಮ್ಮ, ಅಕ್ಕ, ಗಂಡ, ಮಗ. ನನಗೆ ಈ ಕತೆಯಲ್ಲಿ ಇಷ್ಟವಾಗುವುದು ಇದೇ ಭಾಗ.

ಈಗ ಕಲಸುವ ವಿಷಯ. ಇಲ್ಲೇ ಜಾಸ್ತಿ ತಪ್ಪಾಗುವುದು. ನಾನೇ ಮೊದಲ ಸಲ 1 ಲೀಟರಿನ ಪ್ಯಾಕೆಟ್ಟನ್ನು ಒಂದು ಚೊಂಬಿಗೆ ಸುರಿದಿದ್ದೆ, ಬಾಯಿಗಿಟ್ಟರೆ ಸಮುದ್ರದ ನೀರು. ದೊಡ್ಡ ಪ್ಯಾಕೆಟ್ 1 ಲೀಟರಿಗೆ, ಚಿಕ್ಕದು 200 ಮಿಲೀಗೆ, ಪ್ಯಾಕೆಟ್ ಮೇಲೆ ಓದಿಯೇ ಹಾಕಿ. ಅಳತೆಗೆ ತೊಳೆದ ಒಂದು ಲೀಟರಿನ ನೀರಿನ ಬಾಟಲಿ ಸಾಕು. ಒಂದು ಲೀಟರಿನ ಲೆಕ್ಕ ಪರೀಕ್ಷೆಗೆ ಬೇಕು: ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9. ಒಟ್ಟು 20.5 ಗ್ರಾಂ. ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ, ಪುಡಿ ಹಾಕಿದ ಮೇಲೆ ಕುದಿಸಬೇಡಿ, 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ಸವರಿದ ಚಮಚ, ಗೋಪುರ ಅಲ್ಲ. ಸಿಹಿ ಜಾಸ್ತಿಯಾದರೆ ಅದೇ ಕರುಳಿನೊಳಗೆ ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ಅದಕ್ಕೇ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳನ್ನು ನಂಬಬೇಡಿ. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಅಂಥ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಅಂತ ಹಾಕಿಕೊಳ್ಳುವುದನ್ನೇ ನಿಲ್ಲಿಸಿತು.

ಎಷ್ಟು ಕುಡಿಸಬೇಕು? ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲೀ, 10 ವರ್ಷದವರೆಗೆ 100ರಿಂದ 200, ದೊಡ್ಡವರಿಗೆ ಬೇಕಾದಷ್ಟು. ಮೈ ಒಣಗುವ ಲಕ್ಷಣ ಕಂಡರೆ, ಅಂದರೆ ಕಣ್ಣು ಒಳಗೆ ಹೋಗಿದೆ, ಬಾಯಾರಿಕೆ ತಡೆಯಲಾಗುತ್ತಿಲ್ಲ, ಮಗು ಕಿರಿಕಿರಿ ಮಾಡುತ್ತಿದೆ ಅಂದರೆ, ಕಿಲೋಗೆ 75 ಮಿಲೀ, ನಾಲ್ಕು ಗಂಟೆಯಲ್ಲಿ. ಇಷ್ಟಾದರೆ ಆರೋಗ್ಯ ಕೇಂದ್ರಕ್ಕೆ ಹೊರಡಬೇಕು, ದಾರಿಯಲ್ಲೂ ಕುಡಿಸುತ್ತಲೇ ಇರಬೇಕು. 12 ಕಿಲೋ ಮಗುವಿಗೆ 900 ಮಿಲೀ ಆಯಿತು. ಕೇಳಿದರೆ ಗಾಬರಿಯಾಗುತ್ತೆ, ಅಲ್ವಾ? ಆದರೆ ನಿಮಿಷಕ್ಕೆ ಒಂದು ಟೀ ಚಮಚ ಹಾಕುತ್ತಾ ಹೋದರೂ ನಾಲ್ಕು ಗಂಟೆಗೆ 1200 ಮಿಲೀ ಆಗುತ್ತದೆ. ವಾಂತಿ ಮಾಡಿದರೆ 10 ನಿಮಿಷ ಬಿಟ್ಟು ಮತ್ತೆ ನಿಧಾನಕ್ಕೆ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ. ಗಂಜಿ, ಮೆತ್ತಗಿನ ಅನ್ನ ನಡೆಯುತ್ತದೆ, ಉಪವಾಸ ಬೇಡವೇ ಬೇಡ.

ಮಂಪರು, ಕುಡಿಯಲು ಆಗದಿರುವುದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಿಂದೆ ಹೋಗಲು 2 ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಳ್ಳುವುದು, ಇವು ಕಂಡರೆ ಮನೆಮದ್ದಿನ ಮಾತೇ ಇಲ್ಲ. ರಿಂಗರ್ ಲ್ಯಾಕ್ಟೇಟ್ ಅನ್ನುವ ಲವಣದ ದ್ರಾವಣದ ಡ್ರಿಪ್ ಬೇಕು, ತಕ್ಷಣ ಆಸ್ಪತ್ರೆ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದಾದ ರೋಗ ಇದು. ಆಂಟಿಬಯೋಟಿಕ್ ಜೋರಾದ ಕೇಸಿಗೆ ಡಾಕ್ಟರ್ ಕೊಡುತ್ತಾರೆ, ಮಕ್ಕಳಿಗೆ ಜಿಂಕ್ ಕೂಡ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಸುಮ್ನೆ ಮೆಡಿಕಲ್ ಶಾಪಿನಿಂದ ತಂದು ನುಂಗಿಸಬೇಡಿ.

ಇನ್ನು ಹರಡದಂತೆ ನೋಡಿಕೊಳ್ಳುವುದು. ರೋಗಾಣು ಮಲದಿಂದ ನೀರಿಗೆ, ಕೈಗೆ, ಊಟಕ್ಕೆ ಬರುತ್ತದೆ, ಪಕ್ಕದಲ್ಲಿ ಕೂತರೆ ಅಂಟುವುದಿಲ್ಲ. ಹಾಗಾಗಿ ರೋಗಿಯನ್ನು ಕೋಣೆಯಲ್ಲಿ ಕೂಡಿಹಾಕುವುದಕ್ಕಿಂತ ಭೇದಿ, ವಾಂತಿ ಹಿಡಿಯುವ ಬಕೆಟ್ಟಿನ ಮೇಲೆ ಕಣ್ಣಿಡಿ. ವಾಂತಿ, ಭೇದಿ ಬಿದ್ದ ನೆಲಕ್ಕೆ ಬ್ಲೀಚಿಂಗ್ ಪೌಡರ್ ದ್ರಾವಣ: ಒಂದು ಲೀಟರ್ ನೀರಿಗೆ ಸುಮಾರು 16 ಗ್ರಾಂ, ಅಂದರೆ ಒಂದು ದೊಡ್ಡ ಚಮಚ, ಶೇ 0.5ರ ದ್ರಾವಣವಾಗುತ್ತದೆ. ಬಕೆಟ್ಟಿನಲ್ಲಿರುವ ಮಲಕ್ಕೆ ಇದರ ನಾಲ್ಕು ಪಟ್ಟು ಗಟ್ಟಿ ಬೇಕು. ಬಾಯಿ ತೆರೆದಿಟ್ಟ ಹಳೇ ಪೌಡರಿನ ಶಕ್ತಿ ಹೋಗಿರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಅದನ್ನು ಬೆರೆಸಬೇಡಿ, ವಿಷದ ಗ್ಯಾಸ್ ಬರುತ್ತದೆ. ರೋಗಿಯ ಬಟ್ಟೆಗಳನ್ನು ಬಾವಿಕಟ್ಟೆ, ಕೆರೆ, ಹೊಳೆಯ ಹತ್ತಿರ ಒಗೆಯಲೇಬೇಡಿ.

ಕುಡಿಯುವ ನೀರು ಗುಳ್ಳೆ ಎದ್ದು ಕೊತಕೊತ ಕುದಿಯಲಿ, ಒಂದು ನಿಮಿಷ. ಆಮೇಲೆ ಮುಚ್ಚಿಡಿ, ಹಿಡಿ ಇರುವ ಸೌಟಿನಿಂದ ತೆಗೆಯಿರಿ. ಕುದಿಸಿದ ನೀರಿನ ಕೊಡಕ್ಕೇ ಕೈ ಅದ್ದಿ ಲೋಟ ತುಂಬಿದರೆ ಗ್ಯಾಸು ದಂಡ. ಸೌದೆ, ಗ್ಯಾಸು ಏನೂ ಇಲ್ಲದ ಕಡೆಗೆ ಒಂದು ಉಪಾಯ ಬಾಂಗ್ಲಾದೇಶದ ಮತ್ಲಬ್‌ನಿಂದ ಬಂದಿದೆ. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕಾಲ್ವೆಲ್ ತಂಡದವರು ಅಲ್ಲಿಯ ಹೆಂಗಸರಿಗೆ ಹಳೇ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಲು ಕಲಿಸಿದರು. ಹಾಗೆ ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇ 48ರಷ್ಟು ಕಡಿಮೆಯಾಯಿತು, ವರದಿ ಬಂದದ್ದು 2003ರಲ್ಲಿ. ರೋಗಾಣು ಬಟ್ಟೆಯಲ್ಲಿ ತೂರಿಹೋಗುವಷ್ಟು ಚಿಕ್ಕದು. ಆದರೆ ಕೆರೆನೀರಿನಲ್ಲಿ ಅದು ಸಣ್ಣ ಹುಳುಗಳಿಗೆ ಅಂಟಿಕೊಂಡಿರುತ್ತದೆ, ಬಟ್ಟೆ ಹಿಡಿಯುವುದು ಆ ಹುಳುಗಳನ್ನು. ಒಗೆದೊಗೆದು ಸವೆದ ಸೀರೆಯ ಎಳೆ ಉಬ್ಬಿ ಸಂದು ಕಿರಿದಾಗಿರುತ್ತದೆ, ಅದಕ್ಕೇ ಹೊಸದಕ್ಕಿಂತ ಹಳೆಯದೇ ವಾಸಿ. ಕೊಡದ ಬಾಯಿಗೆ ಬಟ್ಟೆ ಕಟ್ಟುತ್ತಿದ್ದ ನಮ್ಮಜ್ಜಿ ಇದರಲ್ಲಿ ಮಾತ್ರ ಗೆದ್ದರು! ಕುದಿಸಲು ಆಗುವವರು ಕುದಿಸಿಯೇ ಕುಡಿಯಿರಿ.

ಕೊನೆಗೆ, ತುಂಬಾ ಜನ ಬಿಟ್ಟುಬಿಡುವ ಪಾಯಿಂಟ್. ಸೋಂಕು ತಗುಲಿಯೂ ಏನೂ ಆಗದೆ ಓಡಾಡಿಕೊಂಡಿರುವವರೇ ಜಾಸ್ತಿ. ಅವರ ಮಲದಲ್ಲೂ 1ರಿಂದ 10 ದಿನ ರೋಗಾಣು ಹೋಗುತ್ತಿರುತ್ತದೆ. ಆದ್ದರಿಂದ ಭೇದಿ ನಿಂತಿತು ಅಂತ ಮಾರನೇ ದಿನವೇ ಬಚ್ಚಲಿನ ಸೋಪು ಎತ್ತಿಡಬೇಡಿ, ಮನೆಮಂದಿಯೆಲ್ಲ ಕಕ್ಕಸಿಗೆ ಹೋಗಿಬಂದ ಮೇಲೆ, ಅಡುಗೆಗೆ ಕೈ ಹಾಕುವ ಮೊದಲು ಸೋಪು ಹಚ್ಚಲಿ, ಗುಣವಾದವರು ಒಂದು ಹತ್ತು ದಿನ ಹಿಟ್ಟು ಕಲಸುವ ಕೆಲಸ ಬೇರೆಯವರಿಗೆ ಬಿಡಲಿ.