ಬೀಡಿ ಸೇದದವರ ದಮ್ಮು

‘ಬೀಡಿ ಸೇದ್ತೀರಾ?’ ಇಲ್ಲ ಎಂಬ ಉತ್ತರ ಬಂದರೆ ಎಷ್ಟೋ ಕಡೆ ಸಿಒಪಿಡಿಯ, ಅಂದರೆ ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಕಾಯಿಲೆಯ, ಯೋಚನೆ ಅಲ್ಲಿಗೇ ಮುಗಿಯುತ್ತದೆ. ಹೆಂಗಸರು ಬಂದರೆ ನಾನು ಒಲೆಯ ಬಗ್ಗೆ ಕೇಳುತ್ತೇನೆ. ‘ಗ್ಯಾಸ್ ಇದೆ’ ಅನ್ನುತ್ತಾರೆ. ಬಚ್ಚಲ ಹಂಡೆಗೆ? ‘ಅದಕ್ಕೆ ಸೌದೆನೇ ಡಾಕ್ಟ್ರೇ, ಮುದ್ದೆಗೂ ಅಷ್ಟೆ.’

ಮೂವತ್ತು–ನಲವತ್ತು ವರ್ಷ ಊದುಗೊಳವೆ ಹಿಡಿದು ಕೂತವರ ಶ್ವಾಸನಾಳಗಳು ಹೊಗೆಗೆ ಬಾತು ಕಿರಿದಾಗಿರುತ್ತವೆ. ಅವು ಮತ್ತೆ ಮೊದಲಿನಂತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಈ ಕಾಯಿಲೆಯಿಂದ ಸತ್ತವರು ಸುಮಾರು 35 ಲಕ್ಷ. ಎಪ್ಪತ್ತು ತುಂಬುವ ಮೊದಲೇ ಹೋದವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಜನ ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ಪತ್ತೆಗೆ ಬೇಕಿರುವುದು ಊದುವ ಪರೀಕ್ಷೆ, ಸ್ಪೈರೋಮೆಟ್ರಿ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ, ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಹೊರಬರುವುದು ಶೇ 70ಕ್ಕಿಂತ ಕಡಿಮೆಯಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆ ಯಂತ್ರ ಹತ್ತಿರದಲ್ಲಿ ಇಲ್ಲದೆ ವರ್ಷಗಟ್ಟಲೆ ಕೆಮ್ಮಿನ ಸಿರಪ್ಪು, ಇಂಜೆಕ್ಷನ್ನಿನಲ್ಲೇ ದಿನ ದೂಡಿದವರು ನನ್ನಲ್ಲಿಗೆ ಬರುತ್ತಾರೆ.

ಆಮೇಲೆ ಪಂಪಿನ, ಅಂದರೆ ಔಷಧವನ್ನು ಉಸಿರಿನೊಂದಿಗೆ ಎಳೆದುಕೊಳ್ಳುವ ಇನ್‌ಹೇಲರಿನ ಭಯ. ‘ಮಾತ್ರೆನೇ ಕೊಡಿ, ಪಂಪು ಪವರ್ ಜಾಸ್ತಿ, ಅಭ್ಯಾಸ ಆಗಿಬಿಡುತ್ತೆ.’ ಆಗ ಲೆಕ್ಕ ಬರೆದು ತೋರಿಸುತ್ತೇನೆ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ. ಪಂಪನ್ನು ಒಮ್ಮೆ ಒತ್ತಿದರೆ 100. ನಲವತ್ತರಲ್ಲಿ ಒಂದು ಪಾಲು! ಮಾತ್ರೆ ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ. ಕೈ ನಡುಗುವುದು, ಎದೆ ಡವಡವ ಅನ್ನುವುದು ಅದರಿಂದಲೇ. ಪಂಪಿನದು ನೇರ ಶ್ವಾಸನಾಳಕ್ಕೆ.

ಆದರೆ ಪಂಪು ಒತ್ತುವುದು ಮತ್ತು ಉಸಿರು ಎಳೆಯುವುದು ಒಟ್ಟಿಗೆ ಆಗಬೇಕು. ವಯಸ್ಸಾದವರಿಗೆ ಇದು ಕಷ್ಟ, ಔಷಧವೆಲ್ಲ ಗಂಟಲಿಗೇ ಬಡಿದು ಉಳಿಯುತ್ತದೆ. ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಟೊಳ್ಳು ಡಬ್ಬಿ, ಸ್ಪೇಸರ್, ಬೇಕಾಗುವುದು ಇದಕ್ಕೇ. ಅದು ಕೊಳ್ಳಲಾಗದವರಿಗೆ ಅರ್ಧ ಲೀಟರಿನ ನೀರಿನ ಬಾಟಲಿ ಸಾಕು. ತಳದಲ್ಲಿ ಪಂಪಿನ ಬಾಯಿಯಷ್ಟೇ ತೂತು ಮಾಡಿ, ಪಂಪು ಸಿಕ್ಕಿಸಿ, ಸಂದಿಗೆ ಗೋಂದು ಮೆತ್ತಬೇಕು. ಕೇಪ್‌ಟೌನಿನ ವೈದ್ಯರು ಉಬ್ಬಸದ ಮಕ್ಕಳ ಮೇಲೆ ಇಂಥದೇ ಬಾಟಲಿ ಪರೀಕ್ಷಿಸಿ, ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು 1999ರಲ್ಲಿ ತೋರಿಸಿದರು. ಸಂದಿ ಬಿಗಿಯಾಗಿರುವುದು ಬಹಳ ಮುಖ್ಯ.

ಉಸಿರು ಪೂರ್ತಿ ಬಿಟ್ಟು, ಬಾಟಲಿಗೆ ಬಾಯಿಟ್ಟು, ಪಂಪು ಒತ್ತಿ, ನಿಧಾನಕ್ಕೆ ಎಳೆದು, ಉಸಿರು ಹಿಡಿದು ಮನಸ್ಸಿನಲ್ಲಿ ಹತ್ತು ಎಣಿಸಿ. ಬಾಟಲಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಒರೆಸದೆ ಹಾಗೇ ಆರಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಔಷಧ ಪ್ಲಾಸ್ಟಿಕ್ಕಿಗೇ ಅಂಟಿಕೊಳ್ಳುತ್ತದೆ.